ಎಂಜಲು ಮುಟ್ಟದ ಕಾಕೂ

ಮೊನ್ನೆ ಇಚಲಕರಂಜಿಯಲ್ಲಿ ಪರಿಚಯದವರ ಮನೆಯ ನಲ್ಲಿಗೆ ನೀರು ಸೋಸಲು ಬಿಳಿ ಅರಿವೆ ಕಟ್ಟಿದ್ದನ್ನು ಕಂಡೆ. ಗಡಹಿಂಗ್ಲಜದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕಿ ಕಾಕೂ ತಟ್ಟನೆ ನೆನಪಾದರು...

ಕಾಕೂ ಜೈನರು, ನಾಂದಣಿ ಕಡೆಯ ಮಗಳು. ಸೋಸದ ನೀರು ಕುಡಿದರೆ ಕಣ್ಣಿಗೆ ಕಾಣದ ಜೀವಗಳು ಸಾಯುತ್ತವೆಂಬ ಸಂಕಟ ಒಂದು ಕಡೆ, ಎಂಜಲೆಂದರೆ ಮಾರು ದೂರ ಹಾರುವ ಮಡಿ ಇನ್ನೊಂದು ಕಡೆ. ನಾನು ಕಚ್ಚಿ ಕುಡಿದ ಲೋಟವನ್ನು ಮತ್ತೆ ಮತ್ತೆ ತೊಳೆಸುತ್ತಿದ್ದರು. ನನಗೋ ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೆ ಅವರ ಮೇಲೆ ಸಿಟ್ಟು ನಿಲ್ಲುತ್ತಿರಲಿಲ್ಲ.

ಒಮ್ಮೆ, ಚಂದಗಡದ ಕಾಡಿನಲ್ಲಿ ತಾಯಿ ಕಳೆದುಕೊಂಡ ಕಡವೆ ಮರಿಯನ್ನು ಅರಣ್ಯ ಇಲಾಖೆಯವರು ತಂದು ಕೆಲವು ದಿನದ ಮಟ್ಟಿಗೆ ಕಾಕೂನ ಆಡುಗಳ ಜೊತೆ ಬಿಟ್ಟರು. ಮರಿ ಆಗಲೇ ಸೊಪ್ಪು ಮೇಯುತ್ತಿತ್ತು. ಅಷ್ಟರಲ್ಲಿ ಕಾರಹುಣ್ಣಿಮೆ ಬಂತು. ಎತ್ತುಗಳಿಗೆ ಹೋಳಿಗೆ ತಿನ್ನಿಸಿದ ಕಾಕೂನ ಕೈ ಮರಿಯ ಕಡೆಗೂ ಹೋಯಿತು.

"ಇವರೂ ನಮ್ಮನಿಗೆ ಬಂದ ಪಾವಣೇರ ಅಲ್ಲೇನ? ತಿನ್ನಲಿ ಬಿಡವಾ!"

ಮರುದಿನ ಮರಿಯ ಹೊಟ್ಟೆ ಉಬ್ಬಿತ್ತು, ಮೆಲುಕು ನಿಂತಿತ್ತು. ದನದ ಡಾಕ್ಟರು ಬಂದು ಔಷಧ ಕುಡಿಸಿ, "ಕಾಕೂ, ಸೊಪ್ಪ ಅರಗಸೋದು ಈ ಮರಿ ಅಲ್ರಿ, ಇದರ ಹೊಟ್ಯಾಗಿನ ಸಣ್ಣ ಸಣ್ಣ ಜೀವಗೋಳು. ಹೋಳಿಗಿ ಒಳಗ ಹುಳಿ ಆಗಿ ಅವು ಸತ್ತಾವ" ಎಂದರು.

ಕಾಕೂ ಮರಿಯ ಪಕ್ಕ ಕೂತು ಅದರ ಹೊಟ್ಟೆ ಸವರಿದರು. ಜೀವಮಾನವಿಡೀ ನೀರು ಸೋಸಿದವರು! "ಅಯ್ಯ ಭಗವಂತಾ, ಎಷ್ಟ ಜೀವಾ ಕೊಂದೆನೋ ನಾ... ಇನ್ನ ಇದೂ ಹೋಗತೈತೇನ್ರಿ?"

"ಆಡಿನ ಬಾಯಾಗಿನ ಮೆಲಕ ತಗದ ಇದಕ್ಕ ತಿನಸ್ರಿ. ಆ ಜೀವಗೋಳು ಮತ್ತ ಬೆಳದರ ಮರಿ ಉಳೀಬಹುದು" ಎಂದರು ಡಾಕ್ಟರು.

ಆಡಿನ ಎಂಜಲು! ಕಾಕೂಗೆಲ್ಲಿ ಆದೀತೆಂದು ನಾನೇ ಮುಂದಾದೆ. ಅವರು ನನ್ನನ್ನು ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಲುಕು ಹಾಕುತ್ತಿದ್ದ ಆಡಿನ ಬಾಯಿಗೆ ಕೈ ಹಾಕಿಯೇಬಿಟ್ಟರು. ಅಂಗೈ ತುಂಬ ಹಸಿರು ಜೊಲ್ಲು. ಅದನ್ನು ಮರಿಯ ಬಾಯಿಗಿಟ್ಟು, "ನುಂಗ ನನ್ನವ್ವಾ, ನುಂಗ" ಎಂದು ಗಂಟಲು ನೀವಿದರು. ಮರುದಿನವೂ ಅದೇ ಕೆಲಸ. ಸಂಜೆ ಮರಿ ದವಡೆ ಆಡಿಸತೊಡಗಿದಾಗ ಕಾಕೂ ಕೈ ತೊಳೆಯುವುದನ್ನೂ ಮರೆತು ನನ್ನ ಗಲ್ಲ ಹಿಂಡಿದರು. ಛೀ ಎನ್ನಲು ನನಗೂ ಮನಸ್ಸಾಗಲಿಲ್ಲ.

ಮರಿ ಕಾಡಿಗೆ ಹೋಯಿತು, ನನಗೂ ಊರು ಬದಲಾಯಿತು. ಭೇಟಿಯಾದಾಗಲೆಲ್ಲ ಕಾಕೂನದು ಒಂದೇ ಮಾತು: "ಅದಕ್ಕೂ ಮರಿ ಆಗಿರಬೇಕ ನೋಡವಾ. ತಾಯಿ ನೆಕ್ಕಿದರ ಆ ಜೀವಗೋಳು ಮರಿಗೂ ಹೋಗತಾವಂತ, ಡಾಕ್ಟರ್ ಹೇಳ್ಯಾರ. ನಮ್ಮ ಆಡಿನ ಮನೆತನ ಚಂದಗಡದ ಕಾಡ ತುಂಬೇತಿ!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕಾಕೂ ಹೋಗಿ ವರ್ಷಗಳಾದವು. ಚಂದಗಡದ ಬಸ್ಸು ಕಾಡು ದಾಟುವಾಗ ನಾನು ಈಗಲೂ ಕಿಟಕಿಯಿಂದ ಕಡವೆ ಹುಡುಕುತ್ತೇನೆ. ಕಂಡರೆ ಓಡಿಹೋಗಿ ಹೇಳಲು ಅವರಿಲ್ಲ. ಆದರೂ ಅಲ್ಲೆಲ್ಲೋ ಒಂದು ಕಡವೆ ನೆಮ್ಮದಿಯಾಗಿ ಮಲಗಿ ಮೆಲುಕು ಹಾಕುತ್ತಿರಬಹುದು... ಕಾಕೂ ಕೈಯಾರೆ ಉಣಿಸಿದ ಜೀವಗಳ ವಂಶ ಅದರೊಳಗೆ ಇನ್ನೂ ಬದುಕಿರಬಹುದು.