ಸಾಸೇಜ್ ಪುಡಿ ಬೆರೆತ ಬಾಟಲಿ

ಜಿಗ್ಮಂಟ್ ಕೈ ಮಾಡಿದರೆ ಎದುರಿನವ ಕೈಮಾ. ಅಮೆರಿಕದ ಮಿಲ್ವಾಕಿ ನಗರದ ದಕ್ಷಿಣದ ಬೀದಿಗಳಲ್ಲಿ ಇದು ಎಲ್ಲರೂ ಒಪ್ಪಿದ ಮಾತು. ಅಪ್ಪನ ಸಾಸೇಜ್ ಅಂಗಡಿಯಲ್ಲಿ ಹಂದಿ ಕಡಿಯುತ್ತಲೇ ಬೆಳೆದವನು. ತೂಕದ ಬಗ್ಗೆ ತಕರಾರು ತೆಗೆದ ಗಿರಾಕಿಯೊಬ್ಬನನ್ನು, ಗಾಜಿನ ಬಾಗಿಲು ತೆರೆಯುವ ತೊಂದರೆ ತೆಗೆದುಕೊಳ್ಳದೆ, ಅದರ ಮೂಲಕವೇ ಬೀದಿಗೆ ಕಳಿಸಿದ್ದ. ಅವನಿಗೆ ತಿರುಗಿ ಹೊಡೆದದ್ದು ಸಕ್ಕರೆ ಕಾಯಿಲೆಯೊಂದೇ. ಅದು ಅವನ ಎಡಗಾಲನ್ನು ಮೊಣಕಾಲಿನವರೆಗೆ ತಿಂದು, ಕೃತಕ ಕಾಲು ಹಾಕಿಸಿ ಬಿಟ್ಟಿತ್ತು.

ಮಗಳು ಹಲೀನಾಳ ಕೂಸು ಕೊನ್ರಾಡ್ ಗುಂಡುಕಲ್ಲಿನಂತೆ ಊದತೊಡಗಿದಾಗ ವೈದ್ಯೆ ರಕ್ತ ಪರೀಕ್ಷಿಸಿ ಪ್ರೋಟೀನ್ ಕಡಿಮೆಯಿರುವ ಡಬ್ಬಿಹಾಲು ಬರೆದುಕೊಟ್ಟರು. ಹಲೀನಾ ಕೆಲಸಕ್ಕೆ ಹೋದಾಗ ಅಂಗಡಿಯಲ್ಲೇ ಬಾಟಲಿ ಹಿಡಿಯುವವನು ಅಜ್ಜ ಜಿಗ್ಮಂಟ್. ಆದರೂ ಮಗುವಿನ ಮೈ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಮತ್ತೆ ರಕ್ತ ತೆಗೆಯಬೇಕಾಯಿತು. ಸೂಜಿ ಚುಚ್ಚಿ ಮಗು ಚೀರಿದ್ದೇ ತಡ, ಜಿಗ್ಮಂಟ್ ರಕ್ತ ತೆಗೆಯುವವನ ದವಡೆಗೆ ಒಂದು ಬಿಟ್ಟ. ಹಲ್ಲು ಟ್ರೇಗೆ ಬಿದ್ದು ಟಣ್ಣೆಂದಿತು.

ವೈದ್ಯೆ ಪೊಲೀಸರಿಗೆ ಫೋನ್ ಮಾಡಿ ಹಲೀನಾಳ ಕಡೆ ತಿರುಗಿದರು. "ಹೋದ ಸಲದ ರಕ್ತದಲ್ಲಿ ಇನ್ಸುಲಿನ್ ಏರಿತ್ತು. ಪ್ರೋಟೀನ್ ಹೆಚ್ಚಾದ್ರೆ ಇನ್ಸುಲಿನ್ ಉಕ್ಕುತ್ತೆ, ಕೊಬ್ಬು ಕೂರುತ್ತೆ. ಹಾಲಿಗೆ ಏನಾದ್ರೂ ಬೆರೆಸ್ತಿದ್ದೀರಾ?"

"ನಾವ್ಯಾಕೆ ಬೆರೆಸೋಣ ಡಾಕ್ಟ್ರೇ?"

ಜಿಗ್ಮಂಟ್ ಗೆಣ್ಣಿನ ರಕ್ತ ಒರೆಸಿಕೊಳ್ಳುತ್ತಿದ್ದ.

ಜಿಗ್ಮಂಟನನ್ನು ಠಾಣೆಯಿಂದ ಬಿಟ್ಟ ಮರುದಿನ ಹಲೀನಾ ಕೆಲಸದಿಂದ ಬೇಗ ಬಂದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪ ಕೃತಕ ಕಾಲು ಬಿಚ್ಚಿಟ್ಟು ಕೂತು, ಸಾಸೇಜ್ ಮಾಂಸ ಬಿಡಿಯಾಗದೆ ಅಂಟಿಕೊಳ್ಳಲೆಂದು ಕಲಸುವ ಹಾಲಿನಪುಡಿಯನ್ನು ಬಾಟಲಿಗೆ ಸುರಿದು ಕುಲುಕುತ್ತಿದ್ದ.

"ಅಪ್ಪಾ! ಏನದು?"

"ಹಾಲೇ ಕಣೇ. ನಿನ್ನ ಡಬ್ಬೀದು ಪಾತ್ರೆ ತೊಳೆದ ನೀರು. ಇದು ಬಿದ್ರೆ ಸಾಸೇಜೇ ಗಟ್ಟಿಯಾಗುತ್ತೆ, ನನ್ನ ಮೊಮ್ಮಗ ಆಗಲ್ವಾ?"

"ಅದ್ರ ತುಂಬಾ ಪ್ರೋಟೀನು! ಸೂಜಿ ಚುಚ್ಚಿಸಿದ್ದು ನೀನು, ಹಲ್ಲು ಹೋಗಿದ್ದು ಪಾಪ ಅವನದ್ದು!"

ಅವನು ಅಭ್ಯಾಸದಂತೆ ಕೈಯೆತ್ತಿದ. ಅವಳು ಮೂಲೆಯಲ್ಲಿದ್ದ ಕೃತಕ ಕಾಲನ್ನೆತ್ತಿ ಬೀಸಿದಳು. ಮೂಗು ಲಟಕ್ಕೆಂದಿತು. ಮೂಳೆ ಕಡಿಯುವ ಆ ಕೋಣೆಗೂ ಹೊಸದೆನಿಸುವಂಥ ಸದ್ದು. ಇನ್ನೊಂದು ಏಟಿಗೆ ಬಾಟಲಿ ಗೋಡೆಗೆ ಬಡಿದು ಚೂರಾಯಿತು.

"ಮನೆಗೆ ಇದೊಂದು ಕಾಲು ಸಾಲದಾ?" ಅವಳು ಅದನ್ನು ಕಿರುಚುತ್ತಿದ್ದ ಮಗುವಿನ ಪಕ್ಕ ಹಿಡಿದಳು. "ಇವನಿಗೂ ಸಕ್ಕರೆ ಕಾಯಿಲೆ ತರಿಸಿ ಇಂಥದ್ದೊಂದು ಮಾಡಿಸ್ತೀಯಾ? ತಗೋ, ಈಗಲೇ ಅಳತೆ ತಗೋ!"

ಎತ್ತಿದ ಕೈ ಯಾರಿಗೂ ತಾಗದೆ ಇಳಿದದ್ದು ಅದೇ ಮೊದಲು. ಒಂಟಿಕಾಲಲ್ಲಿ ಕುಪ್ಪಳಿಸಿ, ಪುಡಿಯ ಚೀಲವನ್ನು ಕತ್ತಿಯಿಂದ ಹಂದಿಯ ಹೊಟ್ಟೆಯಂತೆ ಬಗೆದು ಮೋರಿಗೆ ಸುರಿದ. ರಕ್ತದ ಮೇಲೆ ಪುಡಿ ಮೆತ್ತಿದ ಮುಖ ಎತ್ತುವಷ್ಟರಲ್ಲಿ ಹಲೀನಾ ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಕಾಲು ಇಟ್ಟುಕೊಂಡು ಹೊರಟಿದ್ದಳು.

"ಮೂಗು ಯಾರು ಮುರಿದ್ರೋ?" ಎಂದು ಗಿರಾಕಿಗಳು ಕೇಳಿದರೆ, "ನನ್ನ ಕಾಲೇ," ಎನ್ನುತ್ತಿದ್ದ, ಊರುಗೋಲಿನ ಮೇಲೆ.

ಕೊನ್ರಾಡನ ಇನ್ಸುಲಿನ್ ಇಳಿದ ಮೇಲೆ ಕಾಲು ಮರಳಿತು. ಬಾಟಲಿ ಮಾತ್ರ ಮತ್ತೆ ಅಜ್ಜನ ಕೈಗೆ ಬರಲಿಲ್ಲ.