ಪುಟ್ಟಗಂಗಮ್ಮನ ಹನ್ನೊಂದು ಪ್ರಶ್ನೆಗಳು

ನಿಟ್ಟೂರಿನ ಸರ್ಕಾರಿ ಶಾಲೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಬಿಸಿಯೂಟ ಬೇಯಿಸುತ್ತಿದ್ದ ಪುಟ್ಟಗಂಗಮ್ಮನವರ ಎಡ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಗುಬ್ಬಿಯ ಒಂದು ಕ್ಲಿನಿಕ್ಕಿನವರು, ದೊಡ್ಡ ಪಾತ್ರೆ ಎತ್ತಿ ಇಳಿಸುವವರಿಗೆ ಹೀಗಾಗುತ್ತದೆ ಎಂದು ಮುಲಾಮು ಕೊಟ್ಟರು. ಇನ್ನೊಂದು ಕಡೆಯವರು ಗಂಟನ್ನು ಮುಟ್ಟಿಯೂ ನೋಡದೆ ವಯಸ್ಸಿನ ದೋಷ ಎಂದರು. ಅವರ ವಯಸ್ಸು ಆಗ ನಲವತ್ತೊಂಬತ್ತು. ಐದು ತಿಂಗಳು ಕಳೆದ ಮೇಲೆ, ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು.

"ಇಷ್ಟು ದಿನ ಏನ್ ಮಾಡ್ತಿದ್ರಿ? ಹಳ್ಳಿ ಕಡೆಯೋರು ಯಾವಾಗ್ಲೂ ತಡವಾಗೇ ಬರ್ತೀರ" ಎಂದು ಅಲ್ಲಿನ ಡಾಕ್ಟರು ಗದರಿದರು. ಈ ಐದು ತಿಂಗಳಲ್ಲಿ ತಾನು ನೋಡಿದ್ದೂ ಡಾಕ್ಟರುಗಳನ್ನೇ ಎಂದು ಹೇಳಲು ಪುಟ್ಟಗಂಗಮ್ಮನಿಗೆ ಧೈರ್ಯ ಬರಲಿಲ್ಲ.

ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆಯಂತೆ ಎಂಟು ಸಲ ಕೀಮೋ. ಆ ದಿನಗಳಲ್ಲಿ ಅಡುಗೆಯನ್ನು ನಾದಿನಿಗೆ ಒಪ್ಪಿಸಿ, ಬೆಳಗಿನ ರೈಲು ಹತ್ತಿ ಒಬ್ಬರೇ ಬರುತ್ತಿದ್ದರು. ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಸಾರಿನ ವಾಸನೆಗೆ ವಾಂತಿ ಬರುತ್ತಿತ್ತು. ಆದರೆ ಒಂದು ತಾರೀಖನ್ನೂ ತಪ್ಪಿಸಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದವರು ಎಸ್.ಎಸ್. ಪುರಂನ ಅಂಬುಜಮ್ಮ, ನಿವೃತ್ತ ಲೆಕ್ಚರರ್ ಒಬ್ಬರ ಹೆಂಡತಿ. ಅದೇ ಕಾಯಿಲೆ, ಅದೇ ಹಂತ. ಅವರ ಮನೆ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಎರಡು ಸಲ ತಾರೀಖು ತಪ್ಪಿಸಿದ್ದರು: ಒಮ್ಮೆ ಗೃಹಪ್ರವೇಶಕ್ಕೆ, ಇನ್ನೊಮ್ಮೆ ಡ್ರೈವರ್ ರಜಾ ಹಾಕಿದ್ದಕ್ಕೆ.

ಏಳನೇ ಕೀಮೋ ದಿನ ಅಂಬುಜಮ್ಮ ಕೇಳಿದರು: "ಆ ಟ್ರಯಲ್‌ಗೆ ನೀವು ಸೇರ್ತೀರೇನ್ರೀ? ಕಾಯಿಲೆ ವಾಪಸ್ ಬರದ ಹಾಗೆ ಹೊಸ ಮಾತ್ರೆ ಕೊಟ್ಟು ನೋಡ್ತಾರಂತೆ. ನಮ್ಮ ಪ್ರದ್ಯುಮ್ನ ಬೇಡವೇ ಬೇಡ ಅಂತಿದಾನೆ. ನಮ್ಮಮ್ಮ ಏನು ಪ್ರಯೋಗದ ಇಲೀನಾ ಅಂತ."

"ಯಾವ ಟ್ರಯಲ್ಲು?" ಎಂದರು ಪುಟ್ಟಗಂಗಮ್ಮ.

ಅಂಬುಜಮ್ಮನಿಗೆ ಆಸ್ಪತ್ರೆಯವರು ಅದನ್ನು ಮೂರು ಸಲ ವಿವರಿಸಿದ್ದರು, ಒಮ್ಮೆ ಕಾಫಿ ತರಿಸಿಕೊಟ್ಟು. ಬೇಡ ಎನ್ನುವವರನ್ನು ಇಷ್ಟು ಓಲೈಸುತ್ತಿದ್ದವರಿಗೆ ಒಂದು ಮೊಳ ದೂರದಲ್ಲಿ ಕೂತಿದ್ದವರು ಕಂಡಿರಲಿಲ್ಲ.

ಡ್ರಿಪ್ ಮುಗಿಸಿಕೊಂಡು ಪುಟ್ಟಗಂಗಮ್ಮ ನೇರವಾಗಿ ಟ್ರಯಲ್ ನೋಡಿಕೊಳ್ಳುತ್ತಿದ್ದ ಅಪರ್ಣಳ ಟೇಬಲ್ ಮುಂದೆ ನಿಂತರು. "ಮೇಡಮ್ಮ, ಹೊಸ ಮಾತ್ರೆ ವಿಚಾರ ನಂಗ್ಯಾಕೆ ಯೋಳ್ನಿಲ್ಲ?"

ಅಪರ್ಣ ಒಳ್ಳೆಯ ಹುಡುಗಿ. ಅದೇ ತೊಂದರೆಯಾಗಿತ್ತು. "ನಿಮಗೆ ಕಷ್ಟ ಆಗುತ್ತೆ ಅಂತಮ್ಮ. ತಿಂಗಳಿಗೊಂದ್ಸಲ ಬ್ಲಡ್ ಟೆಸ್ಟ್ ಇರುತ್ತೆ. ಅಷ್ಟು ದೂರದಿಂದ ನೀವು ಬರೋದು..." ಎನ್ನುತ್ತ ಪಟ್ಟಿ ತೆರೆದಳು. ಪುಟ್ಟಗಂಗಮ್ಮನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಏನು ಬರೆದಿದೆ ಎಂದು ಅವರು ಕೇಳಿದರು. ಅಪರ್ಣ ಸಣ್ಣ ದನಿಯಲ್ಲಿ ಓದಿ ಹೇಳಿದಳು: ಗ್ರಾಮೀಣ ರೋಗಿ, ತಪ್ಪದೆ ಬರುವುದು ಅನುಮಾನ.

"ಏಳು ಸಲ ಬಂದಿವ್ನಿ. ಇನ್ನೆಷ್ಟು ಸಲ ಬಂದ್ರೆ ಅನುಮಾನ ಹೋಗ್ತದೆ?"

ಅಪರ್ಣ ಎದ್ದು ಹೋಗಿ ಬೀರುವಿನಿಂದ ಕನ್ನಡದ ಒಪ್ಪಿಗೆ ಪತ್ರ ತಂದಳು. ನಿಯಮದ ಪ್ರಕಾರ ಕನ್ನಡದಲ್ಲೂ ಇರಬೇಕಿತ್ತು, ಇತ್ತು. ಯಾರಾದರೂ ಓದಬೇಕೆಂದು ನಿಯಮದಲ್ಲಿ ಇರಲಿಲ್ಲವೇನೋ, ಕಟ್ಟು ಬಿಚ್ಚಿಯೇ ಇರಲಿಲ್ಲ.

ಇಪ್ಪತ್ತಾರು ಪುಟಗಳ ಆ ಪತ್ರವನ್ನು ಶಾಲೆಯ ಹೆಡ್ಮಾಸ್ಟರ್ ವೀರಭದ್ರಯ್ಯ ಎರಡು ಮಧ್ಯಾಹ್ನ ಕೂತು ಓದಿ ಹೇಳಿದರು. 'ಯಾದೃಚ್ಛಿಕ ನಿಯೋಜನೆ' ಎಂಬಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತು ವರ್ಷ ಕನ್ನಡ ಪಾಠ ಮಾಡಿದೀನಿ ಪುಟ್ಟಗಂಗಮ್ಮ. ಇದು ನನಗೂ ಗೊತ್ತಾಗ್ತಿಲ್ಲ. ಅವರನ್ನೇ ಕೇಳಿಬಿಡಿ" ಎಂದು, ಗೊತ್ತಾಗದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಹನ್ನೊಂದು ಪ್ರಶ್ನೆಗಳಾದವು.

ಎಂಟನೇ ಕೀಮೋ ದಿನ ಆ ಹಾಳೆ ಡಾಕ್ಟರ್ ವಿಜಯೀಂದ್ರರ ಮುಂದೆ ಬಂತು. ಟ್ರಯಲ್ಲಿನ ಮುಖ್ಯಸ್ಥರು ಅವರೇ. ಹಳ್ಳಿಯವರಿಗೆ ಇವೆಲ್ಲ ಅರ್ಥವಾಗುವುದಿಲ್ಲ ಎಂದು ಎಷ್ಟೋ ಮೀಟಿಂಗುಗಳಲ್ಲಿ ಹೇಳಿದ್ದವರು. ಈಗ ಮುಕ್ಕಾಲು ಗಂಟೆ ಬೆವರಿದರು.

"ಅರ್ಧ ಜನಕ್ಕೆ ಕೀಮೋ ಆದ್ಮೇಲಿನ ಮಾಮೂಲು ಚಿಕಿತ್ಸೆ ಮಾತ್ರ. ಇನ್ನರ್ಧ ಜನಕ್ಕೆ ಅದರ ಜೊತೆ ಹೊಸ ಮಾತ್ರೆ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಆರಿಸುತ್ತೆ. ನಾವೂ ಹೇಳೋಕಾಗಲ್ಲ."

"ಚೀಟಿ ಎತ್ತೋದು ಅನ್ನಿ."

"ಹ್ಞೂಂ, ಹಾಗೇ."

"ಅದನ್ನೇ ಬರ್ದಿದ್ರೆ ಆಗ್ತಿರ್ನಿಲ್ವಾ? ಮಾತ್ರೆಯಿಂದ ಏನಾರ ಎಚ್ಚುಕಮ್ಮಿ ಆದ್ರೆ ಯಾರು ನೋಡ್ಕತಾರೆ?"

"ನಾವೇ ನೋಡ್ಕೋಬೇಕು. ಬೇಡ ಅನ್ನಿಸಿದ ದಿನ ನೀವು ಬಿಟ್ಟುಬಿಡಬಹುದು. ಚಿಕಿತ್ಸೆ ಏನೂ ನಿಲ್ಲಲ್ಲ."

ಹನ್ನೊಂದನೇ ಪ್ರಶ್ನೆ, ತಿಂಗಳ ರಕ್ತವನ್ನು ಗುಬ್ಬಿಯಲ್ಲೇ ತೆಗೆಸಿಕೊಂಡರೆ ಆಗದೇ ಎಂಬುದು. ಅದನ್ನು ಯಾರೂ ಕೇಳಿರಲಿಲ್ಲ. ಯಾಕೆಂದರೆ ಗುಬ್ಬಿಯ ಕಡೆಯವರನ್ನು ಯಾರೂ ಕೇಳಿರಲಿಲ್ಲ. ವಿಜಯೀಂದ್ರರು ಟ್ರಯಲ್ ನಡೆಸುವ ಮೇಲಿನವರಿಗೆ ಪತ್ರ ಬರೆದರು. ಒಂದು ಟ್ಯೂಬು ರಕ್ತ ಹದಿನೆಂಟು ಕಿಲೋಮೀಟರ್ ಪ್ರಯಾಣ ಮಾಡಬಹುದೇ ಎಂದು ದೊಡ್ಡ ದೊಡ್ಡವರು ಕೂತು ಆಲೋಚಿಸಿ, ಏಳು ವಾರಗಳಲ್ಲಿ ಒಪ್ಪಿದರು.

ಪುಟ್ಟಗಂಗಮ್ಮ ಸಹಿ ಹಾಕಿದರು. ಕಂಪ್ಯೂಟರ್ ಅವರನ್ನು ಮಾಮೂಲು ಚಿಕಿತ್ಸೆಯ ಗುಂಪಿಗೆ ಹಾಕಿತು. ಹೊಸ ಮಾತ್ರೆ ಸಿಗಲಿಲ್ಲ.

ಅಂದು ತುಮಕೂರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮನೆಯಲ್ಲಿ ಗಂಡ ಸಿದ್ದಗಂಗಯ್ಯ, "ಅಷ್ಟೆಲ್ಲ ಕಿತ್ತಾಡಿ ಏನ್ ಸಿಕ್ತು ನಿಂಗೆ?" ಎಂದರು.

"ಚೀಟೀಲಿ ನನ್ನೆಸ್ರೂ ಇತ್ತು, ಬುಡು" ಎಂದು ಪುಟ್ಟಗಂಗಮ್ಮ ಒಲೆ ಹಚ್ಚಿದರು.

ಮರುವರ್ಷ ಆಸ್ಪತ್ರೆಯವರು 'ಕ್ಯಾನ್ಸರ್ ಚಿಕಿತ್ಸೆಯಲ್ಲಿ ಸಮಾನತೆ' ಎಂಬ ಸೆಮಿನಾರ್ ಏರ್ಪಡಿಸಿದರು. ಅಲ್ಲಿಂದ ಟ್ರಯಲ್ಲಿಗೆ ಸೇರಿದ್ದ ಎಂಟು ಮಂದಿಯಲ್ಲಿ ಇಬ್ಬರು ಹಳ್ಳಿಯವರು. ಶೇಕಡಾ ಇಪ್ಪತ್ತೈದು ಗ್ರಾಮೀಣ ಪಾಲ್ಗೊಳ್ಳುವಿಕೆ ಎಂದು ಪರದೆಯ ಮೇಲೆ ಬಂತು. ಪುಟ್ಟಗಂಗಮ್ಮನಿಗೂ ಶಾಲು ಹೊದಿಸುವುದೆಂದು ತೀರ್ಮಾನವಾಗಿತ್ತು. ಅದು ಬುಧವಾರ ಬೆಳಿಗ್ಗೆ ಹತ್ತಕ್ಕೆ.

"ಆವತ್ತು ಸ್ಕೂಲೈತೆ. ನೂರಾ ನಲವತ್ತು ಮಕ್ಳಿಗೆ ಯಾರು ಊಟ ಹಾಕ್ತಾರೆ? ಭಾನ್ವಾರ ಇಟ್ಕಳಿ, ಬತ್ತೀನಿ" ಎಂದರು. ಭಾನುವಾರ ಭಾಷಣಕಾರರಿಗೆ ಬಿಡುವಿರಲಿಲ್ಲ. ಗ್ರಾಮೀಣ ರೋಗಿಗಳಲ್ಲಿ ಆಸಕ್ತಿ ಕಡಿಮೆ ಎಂದು ಸೆಮಿನಾರಿನ ವರದಿಯಲ್ಲಿ ದಾಖಲಾಯಿತು.

ಆ ವರದಿಯನ್ನು ಟೈಪ್ ಮಾಡಿದವಳು ಅಪರ್ಣ. ಮಾಡಿ ಮುಗಿಸಿದ ಮೇಲೆ ಅವಳು ತನ್ನ ಪಟ್ಟಿಯಿಂದ ಅನುಮಾನ ಬರೆಯುವ ಅಂಕಣವನ್ನೇ ಅಳಿಸಿಹಾಕಿದಳು. ಯಾರ ಅನುಮತಿಯನ್ನೂ ಕೇಳಲಿಲ್ಲ. ಯಾರೂ ಗಮನಿಸಲೂ ಇಲ್ಲ. ಅಂದಿನಿಂದ ಅರ್ಹರಾದ ಎಲ್ಲ ರೋಗಿಗಳಿಗೂ ಟ್ರಯಲ್ಲಿನ ವಿಷಯ ತಿಳಿಸುತ್ತಾಳೆ. ಭಯಪಡುವವರಿದ್ದರೆ ನಿಟ್ಟೂರಿಗೆ ಫೋನ್ ಹಚ್ಚುತ್ತಾಳೆ.

ಹೋದ ತಿಂಗಳು ಹಾಗೆ ಸಿಕ್ಕಿದ್ದು ಗೂಳೂರಿನ ಸಿದ್ದಲಕ್ಷ್ಮಮ್ಮ. ಪುಟ್ಟಗಂಗಮ್ಮ ಅರ್ಧ ಗಂಟೆ ಎಲ್ಲ ಬಿಡಿಸಿ ಹೇಳಿದರು. ಸಿದ್ದಲಕ್ಷ್ಮಮ್ಮ ಕೇಳಿಸಿಕೊಂಡು, "ನಂಗೆ ಬ್ಯಾಡ ಕಣಕ್ಕ" ಎಂದರು.

"ಬ್ಯಾಡದಿದ್ರೆ ಬ್ಯಾಡ ಅನ್ನು. ಮೇಡಮ್ಮ ಬೇಜಾರ್ ಮಾಡ್ಕಳಲ್ಲ" ಎಂದು ಪುಟ್ಟಗಂಗಮ್ಮ ಫೋನಿಟ್ಟು ಬೇಳೆ ಬೆಂದಿದೆಯೇ ಎಂದು ನೋಡಲು ಹೋದರು.