ಡಬ್ಬಿ ಗಟ್ಟಿಯೋ ಜೊಳ್ಳೋ? ಸ್ಕ್ರೂ ಅಕ್ಕನನ್ನು ಕೇಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಅಂಗಡಿಗಳೆಲ್ಲ ಮುಚ್ಚಿವೆ, ಟೈಲರ್ ಅಂಗಡಿಯ ಷಟರ್ ಮಾತ್ರ ಅರ್ಧ ಎದ್ದಿದೆ. ಒಳಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹೊಚ್ಚ ಹೊಸ ಡೆಸ್ಕ್‌ಟಾಪ್ ಕಂಪ್ಯೂಟರಿನ ಡಬ್ಬಿ. ಅದಕ್ಕೆ ಕಿವಿಗೊಟ್ಟು ಕೂತಿರುವ ಹೆಂಗಸು, ಬಾಗಿಲಿಗೆ ಬಂದವರನ್ನು ಕೈಸನ್ನೆಯಲ್ಲೇ ಸುಮ್ಮನಾಗಿಸುತ್ತಾರೆ. ಡಬ್ಬಿಯೊಳಗಿನ ಫ್ಯಾನಿನ ಸದ್ದು ಕೇಳಬೇಕು. ಇನ್ನು ಸ್ವಲ್ಪ ಹೊತ್ತಿಗೆ ಗಂಡ ಬಂದು ಹೊಲಿಗೆ ಯಂತ್ರ ತುಳಿಯಲು ಕೂತರೆ ಮುಗಿಯಿತು, ಇಡೀ ಅಂಗಡಿಯೇ ಗಡಗಡ.

ಬೀದಿಯವರ ಬಾಯಲ್ಲಿ ಈಕೆ ಸ್ಕ್ರೂ ಅಕ್ಕ. ಕಂಪನಿಯವರೇ ಜೋಡಿಸಿ ಅಗ್ಗಕ್ಕೆ ಮಾರುವ ಡೆಸ್ಕ್‌ಟಾಪ್ ಕೊಟ್ಟ ದುಡ್ಡಿಗೆ ತಕ್ಕದ್ದೋ ಅಲ್ಲವೋ ಎಂದು ನೋಡಿ ಹೇಳುವುದು ಇವರ ಕೆಲಸ. ಹೀಗೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿದ್ದಾರೆ, ಮುರಿಯಲಿ ಬಿಡಿ. ದಿನಕ್ಕೆ ಎರಡು ಮೂರು ಡಬ್ಬಿಗಳಾದರೂ ಈ ಮೇಜು ಹತ್ತಿ ಇಳಿಯುತ್ತವೆ. ಹೊರಗಿನ ಬೋರ್ಡಿನಲ್ಲಿ ಮಾತ್ರ ಇವತ್ತಿಗೂ ಇರುವುದು ಗಂಡನ ಹೊಲಿಗೆಯ ವಿಷಯವೊಂದೇ.

ಮದುವೆಗೆ ಮೊದಲಿನಿಂದಲೂ ಅಕ್ಕ ಕಂಪ್ಯೂಟರ್ ಜೋಡಿಸುವ ಕಾರ್ಖಾನೆಯಲ್ಲಿ ದುಡಿದವರು. "ಮುಂದ್ಗಡೆ ಬಣ್ಣದ ದೀಪ ಹಾಕು ಅನ್ನೋರು, ಒಳಗಡೆ ಒಂದು ಫ್ಯಾನ್ ಕಮ್ಮಿ ಮಾಡು ಅನ್ನೋರು. ದೀಪ ಕಾಣತ್ತೆ, ಇಲ್ದಿರೋ ಫ್ಯಾನ್ ಕಾಣಲ್ವಲ್ಲ!" ಎನ್ನುತ್ತಾರೆ. ಒಂದು ದಿನ ಕಾರ್ಖಾನೆಗೆ ಬೀಗ ಬಿತ್ತು. ರಿಪೇರಿ ಅಂಗಡಿಗಳಿಗೆ ಅಲೆದರು. ಅಲ್ಲಿನವರು ಬಾಗಿಲಲ್ಲೇ ಮೇಲಿಂದ ಕೆಳಗೆ ನೋಡಿ, ಆಮೇಲೆ ಹೇಳಿ ಕಳಿಸ್ತೀವಿ ಎಂದರು. ಯಾರೂ ಹೇಳಿ ಕಳಿಸಲಿಲ್ಲ. ಕೊನೆಗೆ ಗಂಡನ ಮೇಜಿನಲ್ಲಿ ಒಂದು ಮೂಲೆ ಕೇಳಿಕೊಂಡರು.

"ಮೂಲೆ ಕೇಳಿದ್ಲು ಸ್ವಾಮಿ," ಎಂದು ಟೈಲರ್ ಕೇಳಿದವರೆದುರು ನಗುವುದುಂಟು. "ಈಗ ನಾನೇ ಮೂಲೇಲಿದೀನಿ. ಮೊನ್ನೆ ಒಬ್ರ ಹೊಸ ಪ್ಯಾಂಟಿನ ಜೇಬಲ್ಲಿ ಸ್ಕ್ರೂ ಸಿಕ್ತು. ಅದಕ್ಕೇನು ಚಾರ್ಜು ಅಂತ ಕೇಳಿದ್ರು!"

ಇಂದು ಮೇಜಿನ ಮೇಲಿರುವ ಡಬ್ಬಿ ಟೈಪಿಸ್ಟ್ ಒಬ್ಬರದು. ಅವರು ದುಡಿಯುತ್ತಿದ್ದ ಕಚೇರಿ ಟೈಪಿಂಗ್ ವಿಭಾಗವನ್ನೇ ಮುಚ್ಚಿದೆ. ಸೋಮವಾರದಿಂದ ಮನೆಯಲ್ಲೇ ಮಾಡುವ ಟೈಪಿಂಗ್ ಕೆಲಸವೊಂದು ಸಿಕ್ಕಿದೆ, ಆದರೆ ಒಂದು ಸಲ ಹೊತ್ತಿಗೆ ಸರಿಯಾಗಿ ಕೊಡದಿದ್ದರೂ ಅದು ಬೇರೆಯವರ ಪಾಲು. ಕೂಡಿಟ್ಟಿದ್ದನ್ನೆಲ್ಲ ಈ ಡಬ್ಬಿಗೆ ಸುರಿದಿದ್ದಾರೆ. ಬೇಡವೆಂದರೆ ಹಿಂದಿರುಗಿಸಲು ಇಂದು ಸಂಜೆಯೇ ಗಡುವು. ಪಾಪ, ಸ್ಟೂಲಿನ ಅಂಚಿನಲ್ಲಿ ಕೂತು ಅಕ್ಕನ ಮುಖವನ್ನೇ ನೋಡುತ್ತಿದ್ದಾರೆ.

ಅಕ್ಕ ಪಕ್ಕದ ತಗಡು ಬಿಚ್ಚಿ ಟಾರ್ಚ್ ಹಿಡಿಯುತ್ತಾರೆ. "ಪ್ರೊಸೆಸರ್ ಸ್ವಲ್ಪ ಹಳೇದು, ಟೈಪಿಂಗಿಗೆ ಧಾರಾಳ. ಡಿಸ್ಕ್ ಒಳ್ಳೇದೇ ಹಾಕಿದಾರೆ. ಮೆಮೊರಿ ಕಮ್ಮಿ, ಆದ್ರೆ ಪಕ್ಕದಲ್ಲಿ ಜಾಗ ಬಿಟ್ಟಿದಾರೆ, ಮುಂದೆ ಹಾಕಿಸ್ಕೋಬಹುದು." ಟೈಪಿಸ್ಟರಿಗೆ ಹೋದ ಜೀವ ಬಂದಂತಾಗುತ್ತದೆ. ಇನ್ನುಳಿದದ್ದು ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಹೊಂದಿಸಿ ಕೊಡುವ ತಗಡಿನ ಪೆಟ್ಟಿಗೆ. ಅಕ್ಕ ಅದನ್ನು ಹೊರತೆಗೆದು ಅಂಗೈಯಲ್ಲಿ ತೂಗುತ್ತಾರೆ. ಭಾರವಾಗಿದೆ.

ಭಾರವಿದ್ದರೆ ಒಳಗೆ ಸರಕಿದೆ, ಹಗುರವಿದ್ದರೆ ಬರೀ ಗಾಳಿ: ಈ ಕಸುಬಿನವರೆಲ್ಲ ನಂಬಿಕೊಂಡು ಬಂದ ಲೆಕ್ಕ ಇದು. ಅಕ್ಕನೂ ನಂಬಿದ್ದರು. ಹಾಗೆ ನಂಬಿಯೇ ಹಿಂದೊಮ್ಮೆ ಜೆರಾಕ್ಸ್ ಅಂಗಡಿಯವರೊಬ್ಬರಿಗೆ "ಕಣ್ಮುಚ್ಚಿ ಇಟ್ಕೊಳ್ಳಿ" ಎಂದಿದ್ದರು. ತಿಂಗಳು ತುಂಬುವ ಮೊದಲೇ ಆ ಭಾರದ ಪವರ್ ಸಪ್ಲೈ ಸುಟ್ಟುಹೋಗಿ, ತನ್ನ ಜೊತೆಗೆ ಇಡೀ ಕಂಪ್ಯೂಟರನ್ನೂ ಸುಟ್ಟಿತು. ಬಿಚ್ಚಿ ನೋಡಿದರೆ ಒಳಗೆ ಅಂಟು ಹಾಕಿ ಕೂರಿಸಿದ ಕಬ್ಬಿಣದ ತುಂಡು! ತೂಗಿ ನೋಡುವ ಕೈಗೆಂದೇ ಇಟ್ಟಿದ್ದ ಮೋಸ. "ಅವತ್ತು ಊಟ ಸೇರ್ಲಿಲ್ಲ ನಂಗೆ," ಎನ್ನುತ್ತಾರೆ. "ಅವರೇನೂ ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು."

ಆದ್ದರಿಂದ ಈಗ ಪೆಟ್ಟಿಗೆಗೆ ಕಂಪನಿ ಅಂಟಿಸಿದ ಸೀಲು ಮುಟ್ಟದೆ, ಅದರ ಜಾಲರಿಯೊಳಕ್ಕೆ ಟಾರ್ಚ್ ಬಿಟ್ಟು ಇಣುಕುತ್ತಾರೆ. ಇರಬೇಕಾದ ತಾಮ್ರದ ಸುರುಳಿಗಳಲ್ಲಿ ಅರ್ಧದಷ್ಟೂ ಇಲ್ಲ. ಮೂಲೆಯಲ್ಲಿ ಕಪ್ಪಗೆ, ದಪ್ಪಗೆ, ಯಾವ ತಂತಿಯ ಸಹವಾಸವೂ ಇಲ್ಲದೆ ಕೂತಿರುವ ತುಂಡೊಂದು ಕಾಣುತ್ತದೆ.

"ಆಗಲ್ಲ ಅಂತ ಮಾತ್ರ ಹೇಳ್ಬೇಡಿ ಅಕ್ಕ," ಎನ್ನುತ್ತಾರೆ ಟೈಪಿಸ್ಟ್.

"ಆಗತ್ತಮ್ಮ. ಈ ದುಡ್ಡಿಗೆ ಇಷ್ಟು ಸಿಗೋದೇ ಹೆಚ್ಚು. ಆದ್ರೆ ಈ ಪವರ್ ಸಪ್ಲೈ ಇಟ್ಕೊಂಡು ನೀವು ಸೋಮವಾರ ಕೆಲಸಕ್ಕೆ ಕೂತ್ರೆ ನಂಗೆ ನಿದ್ದೆ ಬರಲ್ಲ. ಏಳಿ, ಹೋಗೋಣ."

ಮಾರಿದ ಅಂಗಡಿಯವನು ಡಬ್ಬಿ ಕಂಡೊಡನೆ ಮುಖ ಗಂಟಿಕ್ಕುತ್ತಾನೆ. ಬಿಚ್ಚಿದ ಮೇಲೆ ನಮ್ಮ ಜವಾಬ್ದಾರಿಯಿಲ್ಲ ಎನ್ನುತ್ತಾನೆ. "ಪೆಟ್ಟಿಗೆ ಸೀಲು ಹಾಗೇ ಇದೆಯಲ್ಲಪ್ಪ. ಇಣುಕಿದ್ದಕ್ಕೂ ದಂಡ ಉಂಟಾ?" ಎಂದು ಅಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಪವರ್ ಸಪ್ಲೈ ಬೇರೆ ಕೊಡಿ ಎಂದರೆ, ಇಂಥದ್ದೇ ಎಷ್ಟೋ ಮಾರಿದ್ದೇನೆ, ಯಾರೂ ತಕರಾರು ತೆಗೆದಿಲ್ಲ ಎಂದು ದನಿ ಏರಿಸುತ್ತಾನೆ.

"ಸರಿ ಹಾಗಾದ್ರೆ. ಇಲ್ಲೇ ಆನ್ ಮಾಡಿ, ಭಾರದ ಕೆಲಸ ಕೊಟ್ಟು ಒಂದು ಗಂಟೆ ಓಡ್ಸಿ. ಏನೂ ಆಗ್ಲಿಲ್ಲ ಅಂದ್ರೆ ನಾನೇ ತಗೋತೀನಿ. ನಂಗೇನೂ ಅವಸರ ಇಲ್ಲ."

ಅವನು ಪ್ಲಗ್ ಕೈಗೆತ್ತಿಕೊಳ್ಳುತ್ತಾನೆ, ಸಿಕ್ಕಿಸುವುದಿಲ್ಲ. ಒಳಗೆ ಬಂದ ಗಿರಾಕಿಗಳು ಏನು ವಿಷಯ ಎಂದು ಕೇಳತೊಡಗುತ್ತಾರೆ. ಅಕ್ಕ ಎಲ್ಲರಿಗೂ ನಿಧಾನವಾಗಿ, ಮೊದಲಿನಿಂದ, ಟಾರ್ಚ್ ಸಮೇತ ವಿವರಿಸುತ್ತಾರೆ. ಟೈಪಿಸ್ಟರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿ "ಹೋಗ್ಲಿ ಬಿಡಿ ಅಕ್ಕ, ಏನೋ ಒಂದು ಆಗತ್ತೆ" ಎನ್ನುತ್ತಾರೆ. ಅಕ್ಕ ಜಗ್ಗುವ ಆಸಾಮಿಯೇ? ಮಧ್ಯಾಹ್ನದ ಊಟದ ಹೊತ್ತಾದರೂ ಕುರ್ಚಿ ಬಿಡುವುದಿಲ್ಲ. ಕೊನೆಗೆ ಅವನು ಗೊಣಗುತ್ತಲೇ ಒಳಗಿನಿಂದ ಬೇರೆ ಪೆಟ್ಟಿಗೆ ತಂದುಕೊಡುತ್ತಾನೆ. ಅಕ್ಕ ಅದರೊಳಕ್ಕೂ ಇಣುಕಿ, ಹೂಂ ಎಂದು ತಲೆಯಾಡಿಸಿ, ಅಲ್ಲೇ ಕೂರಿಸುತ್ತಾರೆ.

ಮುಂದಿನ ವಾರವೆಲ್ಲ ಟೈಪಿಸ್ಟರಿಂದ ಸುದ್ದಿಯಿಲ್ಲ. ಕೇಳೋಣವೆಂದರೆ ಅಕ್ಕನಿಗೆ ಒಳಗೊಳಗೇ ಅಳುಕು. ಶನಿವಾರ ಮಧ್ಯಾಹ್ನ ಅಪರಿಚಿತ ಹೆಂಗಸೊಬ್ಬರು ಡಬ್ಬಿಯೊಂದನ್ನು ಅವುಚಿಕೊಂಡು ಬರುತ್ತಾರೆ. ಇನ್ನೂ ಪ್ಲಾಸ್ಟಿಕ್ ಹರಿದಿಲ್ಲ.

"ಟೈಪಿಸ್ಟ್ ಮೇಡಂ ಕಳಿಸಿದ್ರು. ನಿಮಗೆ ತೋರಿಸ್ದೆ ಇಟ್ಕೋಬೇಡ ಅಂದ್ರು. ಜೊತೇಲಿ ಬನ್ನಿ ಅಂದ್ರೆ, ಎದ್ದೇಳೋಕೂ ಪುರುಸೊತ್ತಿಲ್ಲ, ಅಷ್ಟು ಕೆಲಸ ಬಂದಿದೆ ಅಂದ್ರು."

ಅಕ್ಕ ಸ್ಕ್ರೂ ಡ್ರೈವರ್ ಕೆಳಗಿಡುತ್ತಾರೆ. ಹೊಲಿಗೆ ಯಂತ್ರದ ಗಡಗಡದ ಮೇಲೆ ದನಿಯೆತ್ತಿ, ಗಂಡನಿಗೂ ಪಕ್ಕದ ಅಂಗಡಿಯವರಿಗೂ ಕೇಳುವಂತೆ ಕೂಗುತ್ತಾರೆ:

"ಕೇಳಿಸ್ತೇನ್ರೀ? ಪುರುಸೊತ್ತೇ ಇಲ್ವಂತೆ ಅವರಿಗೆ!"